ಪಡುವಣ ಮೋಡಕ್ಕೆ ಬೆರಳು

ಕೆಂಗೇರಿ
೨೨-೬-೧೯೫೨

ಭಾವನವರಿಗೆ ನಾಗರಾಜು ಮಾಡುವ ನಮಸ್ಕಾರಗಳು.

ನೀವು ಅಕ್ಕನ್ನ ಕರ್ಕೊಂಡು ನಾಗಪುರ ಸೇರಿ ಮೂರು ವಾರ ಆಯ್ತು. ಅಲ್ಲಿಯ ಬಿಸಿಲಿಗೆ ಬಾಗಿಲ ಚಿಲಕ ಮುಟ್ಟೋ ಹಾಗಿಲ್ಲ ಅಂತ ಅಕ್ಕ ಬರೆದಿದ್ದಳು. ಇಲ್ಲಿ ಎಲ್ಲ ಕ್ಷೇಮ ಅಂತಲೇ ಬರೀಬೇಕಲ್ಲ, ಬರೀತೀನಿ. ಅವ್ವ ಗಟ್ಟಿಯಾಗಿದ್ದಾಳೆ. ಕೆರೆ ಹಿಂದಿನ ಹೊಲದಲ್ಲಿ ಎಳ್ಳು ಚೆನ್ನಾಗಿ ಎದ್ದಿದೆ, ಮೊಣಕಾಲುದ್ದ ಬಂದಿದೆ. ಹೋದ ವರ್ಷಕ್ಕಿಂತ ವಾಸಿ. ಕಾಯಿ ಕಟ್ಟೋ ಹೊತ್ತಿಗೆ ಇನ್ನೊಂದು ಹದ ಮಳೆ ಆದರೆ ಸಾಕು ಅಂತಾಳೆ ಅವ್ವ.

ಅಳಿಯಂದಿರಿಗೆ ಪ್ರಮೋಷನ್ ಆಗಿ ನಾಗಪುರಕ್ಕೆ ಹಾಕಿದ್ದಾರೆ ಅಂತ ಅವಳು ಊರಲ್ಲೆಲ್ಲ ಹೇಳ್ಕೊಂಡು ಬರ್ತಿದ್ದಾಳೆ. ನಾನು ಅಲ್ಲ ಅನ್ನೋಕೆ ಹೋಗಲಿಲ್ಲ.

ಗುಡ್ಡದ ಮೇಲೆ ಏರೋಡ್ರೋಮಿನವರು ಹಾಕಿರೋ ಶೆಡ್ಡು ಹಾಗೇ ಇದೆ. ಅದೇ ತಗಡಿನ ಸೂರು, ಅದೇ ಕುಂಟು ಸ್ಟೂಲು, ಗೋಡೆಗೆ ಹೊಡೆದ ಫೋನು. ಸಾವನದುರ್ಗದ ಕಡೆ ಮೋಡ ಎದ್ದ ತಕ್ಷಣ ಟವರಿಗೆ ಫೋನ್ ಮಾಡು, ಏಳದೇ ಇದ್ದರೆ ಅರ್ಧ ಗಂಟೆಗೊಂದು ಸಲ ನಾವೇ ಮಾಡ್ತೀವಿ, ಪಡುವಣ ಶುಭ್ರ ಅನ್ನು, ಅಷ್ಟೇ ನಿನ್ನ ಕೆಲಸ ಅಂತ ನೀವು ಮೊದಲ ದಿನ ಹೇಳಿಕೊಟ್ಟಿದ್ರಿ. ಅದನ್ನೇ ಮಾಡ್ತಿದೀನಿ. ಟವರಿನಲ್ಲಿ ನಿಮ್ಮ ಜಾಗಕ್ಕೆ ಬಂದಿರೋರು ಒಳ್ಳೆಯವರೇ ಇರಬೇಕು. ಆದರೆ 'ರೈಟ್' ಅಂದು ಇಟ್ಟುಬಿಡ್ತಾರೆ. ನಿಮ್ಮ ಹಾಗೆ ಏನು ಊಟ ಮಾಡಿದೆ ಅಂತ ಕೇಳೋದಿಲ್ಲ.

ಮೇ ಒಂಬತ್ತನೇ ತಾರೀಖು ಮಂಗಳೂರಿನ ವಿಮಾನ ಆಲಿಕಲ್ಲಿಗೆ ಸಿಕ್ಕಿ, ಮುಂದಿನ ಗಾಜು ಒಡೆದು, ಎರಡನೇ ಪೈಲಟ್ ಮರಿಯಪ್ಪನವರ ಎಡಗಣ್ಣು ಹೋಯ್ತಲ್ಲ, ಅವರು ಆಸ್ಪತ್ರೆಯಿಂದ ಮನೆಗೆ ಬಂದರಂತೆ. ರಾಜಾಜಿನಗರದಲ್ಲಿ ಮನೆಯಂತೆ. ಆ ಮಾತು ಬೇಡ, ನಿಮಗೂ ಬೇಜಾರು. ವಿಚಾರಣೆ ಯಾವಾಗ ಅಂತ ತಿಳೀತಾ? ನಿಮ್ಮ ತಪ್ಪಿಲ್ಲ ಅಂತಾದರೆ ಮತ್ತೆ ಟವರಿಗೆ ಕರೆಸ್ಕೊಳ್ತಾರೆ ಅಂತ ಅಕ್ಕ ಬರೆದಿದ್ದಾಳೆ. ಹಾಗೇ ಆಗಲಿ.

ಗುಡ್ಡದ ಮೇಲಿಂದ,
ನಾಗರಾಜು


ನಾಗಪುರ
೧೧-೭-೧೯೫೨

ಅಯ್ಯಾ ನಾಗರಾಜ,

ಎರಡು ಪುಟ ಬರೆದಿದೀಯ, ಎಳ್ಳಿನ ಪುರಾಣ ಓದಿ ನಿಮ್ಮಕ್ಕನಿಗೆ ಊರು ನೆನಪಾಗಿ ಅರ್ಧ ದಿನ ಕಿಟಕಿ ಹತ್ರವೇ ಕೂತಿದ್ದಳು. ಅಡುಗೆಯೂ ಆಗಲಿಲ್ಲ. ಆ ಪಾಪ ನಿನಗೆ ಸೇರಿದ್ದು.

ನನ್ನನ್ನ ಇಲ್ಲಿ ಹಳೇ ಕಾಗದಗಳ ಕೋಣೆಯಲ್ಲಿ ಕೂರಿಸಿದ್ದಾರೆ. ಯಾವ ವರ್ಷ ಯಾವ ವಿಮಾನ ಎಷ್ಟು ಹೊತ್ತಿಗೆ ಇಳೀತು ಅಂತ ಬರೆದಿರೋ ಪುಸ್ತಕಗಳಿಗೆ ನಂಬರು ಹಾಕೋದು, ಕಟ್ಟು ಕಟ್ಟೋದು. ಒಂದು ಗೂಬೆಯೂ ಮಾಡಬಹುದಾದ ಕೆಲಸ. ಹೊರಗೆ ವಿಮಾನದ ಸದ್ದು ಕೇಳಿದಾಗ ಕೈ ತಾನಾಗೇ ಫೋನ್ ಹುಡುಕುತ್ತೆ. ಇಲ್ಲಿ ಫೋನೂ ಇಲ್ಲ.

ನಿನಗೆ ಗೊತ್ತಲ್ಲ ನಮ್ಮ ಕೆಲಸ. ಒಂದು ಕಿವಿಗೆ ವೈರ್‌ಲೆಸ್, ಇನ್ನೊಂದು ಕಿವಿಗೆ ನೀನು. ಸಾವನದುರ್ಗದ ಕಡೆ ಮೋಡ ಅಂತ ನೀನಂದರೆ, ಮಂಗಳೂರಿಂದ ಬರೋನಿಗೆ ಶಿವಗಂಗೆ ಕಡೆ ತಿರುಗಿ ನೆಲಮಂಗಲದ ಮೇಲಿಂದ ಬಳಸಿ ಬಾರಪ್ಪ ಅಂತ ಹೇಳೋದು. ಹದಿನೈದು ನಿಮಿಷ ಹೆಚ್ಚು, ಅಷ್ಟೇ. ಆ ಕಡೆಯೂ ಕಟ್ಟಿದ್ದರೆ ಪೆಟ್ರೋಲು ಎಷ್ಟಿದೆ ಅಂತ ಕೇಳಿ, ಮದ್ರಾಸಿನವರನ್ನ ಎಬ್ಬಿಸಿ, ಜಾಗ ಇದೆಯಾ ಅಂತ ವಿಚಾರಿಸಿ ಅಲ್ಲಿಗೆ ಕಳಿಸೋದು. ಒಳಗೆ ಕೂತ ಜನಕ್ಕೆ ಏನೂ ತಿಳಿಯೋಲ್ಲ. ಲೇಟಾಯ್ತು ಅಂತ ಬೈಕೊಂಡು ಇಳೀತಾರೆ. ಆ ಬೈಗುಳ ಕೇಳೋಕೆ ಎಷ್ಟು ಚೆಂದ ಇತ್ತು ಅಂತ ಈಗ ಅನ್ನಿಸ್ತಿದೆ.

ವಿಚಾರಣೆ ಸೆಪ್ಟೆಂಬರ್ ಮೊದಲ ವಾರ, ಮದ್ರಾಸಿನಲ್ಲಿ. ನಾನು ಮತ್ತೆ ಟವರ್ ಹತ್ತೋದೋ ಇಲ್ಲೇ ಕಟ್ಟು ಕಟ್ಟೋದೋ ಅಲ್ಲಿ ತೀರ್ಮಾನ. ನಿನ್ನ ಶೆಡ್ಡಿನ ಪುಸ್ತಕದಿಂದ ಮೇ ಒಂಬತ್ತರ ಪುಟ ನಕಲು ಮಾಡಿ, ರುಜು ಹಾಕಿ ಕಳಿಸು. ಪುಸ್ತಕದಲ್ಲಿ ಏನಿದೆಯೋ ಅಷ್ಟೇ ಬರಿ. ಒಂದಕ್ಷರ ಸೇರಿಸಬೇಡ.

ಅತ್ತೆಗೆ ನನ್ನ ಪ್ರಮೋಷನ್ ವಿಷಯ ಕೇಳಿ ನನಗೂ ಸಂತೋಷ ಆಯ್ತು ಅಂತ ಹೇಳು.

ಏನು ಊಟ ಮಾಡಿದೆ?
ವೆಂಕಟಸ್ವಾಮಿ


ಕೆಂಗೇರಿ
೨-೮-೧೯೫೨

ಭಾವನವರಿಗೆ ನಮಸ್ಕಾರ.

ಕೇಳಿದ್ದನ್ನು ನಕಲು ಮಾಡಿದೀನಿ, ಬೇರೆ ಹಾಳೆಯಲ್ಲಿ ರುಜು ಇದೆ. ನಾಲ್ಕೂವರೆ ಗಂಟೆ, ಪಡುವಣ ಶುಭ್ರ. ಐದು ಗಂಟೆಯ ಸಾಲು ಖಾಲಿ. ಐದು ಹತ್ತು, ಮೋಡ ಎದ್ದಿದೆ, ಟವರಿಗೆ ತಿಳಿಸಿದೆ. ಪುಸ್ತಕದಲ್ಲಿ ಇರೋದು ಇಷ್ಟೇ.

ಇನ್ನೂ ಏನೋ ಬರೆಯೋಣ ಅಂತ ಕೂತಿದ್ದೆ. ಅವ್ವ ಊಟಕ್ಕೆ ಕರೀತಿದ್ದಾಳೆ.

ನಾಗರಾಜು


ನಾಗಪುರ
೨೦-೯-೧೯೫೨

ನಾಗನಿಗೆ ಅಕ್ಕನ ಆಶೀರ್ವಾದ.

ಅವ್ವನಿಗೆ ಈ ಕಾಗದ ಓದಿ ಹೇಳಬೇಡ. ವಿಚಾರಣೆ ಮುಗೀತು. ನಿಮ್ಮ ಭಾವನನ್ನ ಇನ್ನು ಯಾವತ್ತೂ ವಿಮಾನದ ಕೆಲಸಕ್ಕೆ ಕೂರಿಸೋಲ್ಲವಂತೆ. ರಿಟೈರ್ ಆಗೋವರೆಗೂ ಇದೇ ಕಾಗದದ ಕೋಣೆ.

ಕಾರಣ ಏನು ಗೊತ್ತಾ? ಮೇ ಒಂಬತ್ತರಂದು ಐದು ಗಂಟೆಗೆ ಕೆಂಗೇರಿಗೆ ಫೋನ್ ಮಾಡೋದು ನನಗೆ ಮರೆತುಹೋಯ್ತು ಅಂತ ಇವರೇ ಬಾಯಿಬಿಟ್ಟು ಹೇಳಿದರಂತೆ. ಜೊತೆಗೆ ಹೋಗಿದ್ದ ಆಫೀಸಿನವರ ಹೆಂಡತಿಯಿಂದ ನನಗೆ ತಿಳಿದಿದ್ದು. ಇವರು ಒಂದು ಮಾತೂ ಹೇಳಲಿಲ್ಲ. ನನಗೆ ನಂಬಿಕೆ ಬರ್ತಿಲ್ಲ ಕಣೋ. ಮದುವೆಯಾದ ಒಂಬತ್ತು ವರ್ಷದಲ್ಲಿ ಗೋಡೆ ಗಡಿಯಾರಕ್ಕೆ ಕೀ ಕೊಡೋದನ್ನ ಒಂದು ದಿನ ಮರೆತೋರಲ್ಲ. ನನ್ನ ಹೆರಿಗೆ ನೋವಿನ ದಿನವೂ ಕೀ ಕೊಟ್ಟೇ ಆಸ್ಪತ್ರೆಗೆ ಬಂದವರು. ಅಂಥೋರು ಫೋನ್ ಮರೀತಾರಾ?

ಜಗಳ ಆಡಿದೆ. ಕೇಳಿದರೆ, ಮನುಷ್ಯ ಅಂದಮೇಲೆ ಮರೆವು ಇರುತ್ತೆ ಇಂದ್ರಾ ಅಂತಾರೆ. ಸಂಜೆ ಆಫೀಸಿಂದ ಬಂದು ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಪಡುವಣಕ್ಕೆ ಮುಖ ಮಾಡಿ ಕೂರ್ತಾರೆ. ಕಾಫಿ ಆರಿ ತಣ್ಣಗಾದರೂ ತಿಳಿಯೋಲ್ಲ.

ಆವತ್ತು ಶೆಡ್ಡಿನಲ್ಲಿ ನೀನಿದ್ದೆ. ನಿನಗೇನಾದರೂ ಗೊತ್ತಿದ್ದರೆ ನನಗೆ ಬರಿ.

ನಿನ್ನ ಕಾಗದದ ದಾರಿ ನೋಡ್ತಿರೋ
ಅಕ್ಕ


ಕೆಂಗೇರಿ
೨೬-೧೦-೧೯೫೨

ಭಾವ,

ಅಕ್ಕನ ಕಾಗದ ಬಂದು ಒಂದು ತಿಂಗಳಾಯ್ತು, ಉತ್ತರ ಬರೆಯೋಕೆ ಆಗಲಿಲ್ಲ. ಅವಳಿಗೆ ಹೇಳಬೇಕಾದ್ದನ್ನು ನಿಮಗೆ ಬರೀತಿದೀನಿ. ತೋರಿಸೋದು ಬಿಡೋದು ನಿಮ್ಮಿಷ್ಟ.

ನೀವು ಐದು ಗಂಟೆಗೆ ಫೋನ್ ಮಾಡಿದ್ರಿ. ಎರಡು ಸಲ ಮಾಡಿದ್ರಿ. ನಾನು ಅಲ್ಲೇ ಇದ್ದೆ. ಎತ್ತಲಿಲ್ಲ.

ಆವತ್ತು ಅವ್ವ ರೊಟ್ಟಿ ಕಟ್ಕೊಂಡು ಶೆಡ್ಡಿಗೆ ಬಂದಿದ್ದಳು. ನಾಲ್ಕೂವರೆಗೆ ಪಡುವಣ ನಿಜವಾಗಲೂ ಶುಭ್ರ ಇತ್ತು, ಅದು ಸುಳ್ಳಲ್ಲ. ನಾಲ್ಕೂ ಮುಕ್ಕಾಲಿಗೆ ದುರ್ಗದ ಹಿಂದೆ ಕಪ್ಪು ಎದ್ದಿತು. ಅಂಥ ಮೋಡ ಈ ವರ್ಷ ನಾವು ಕಂಡೇ ಇರಲಿಲ್ಲ. ಎಳ್ಳು ಚೆಲ್ಲಿ ಇಪ್ಪತ್ತು ದಿನ ಆಗಿತ್ತು, ಭರಣಿ ಮಳೆ ಮುಗಿಯೋಕೆ ಎರಡೇ ದಿನ, ಮೊಳಕೆ ಸುಡ್ತಾ ಇತ್ತು. ನಾನು ಫೋನಿನ ಕಡೆ ಹೋದೆ. ಅವ್ವ ಕೈ ಹಿಡ್ಕೊಂಡಳು.

ನಿಮ್ಮ ಮಾಗಡಿ ಕಡೆ ಇದು ಇದೆಯೋ ಇಲ್ಲವೋ. ನಮ್ಮ ಮನೇಲಿ ಬಿತ್ತನೆ ಆದಮೇಲೆ ಎದ್ದ ಮೊದಲ ಮೋಡಕ್ಕೆ ಬೆರಳು ಮಾಡಬಾರದು, ಮಳೆ ಬಂತು ಅಂತ ಯಾರಿಗೂ ಹೇಳಬಾರದು. ಹೇಳಿದರೆ ಮುನಿಸ್ಕೊಂಡು ಪಕ್ಕದೂರಿಗೆ ಹೋಗುತ್ತೆ. ಮೊದಲ ಹನಿ ನೆಲಕ್ಕೆ ಬಿದ್ದಮೇಲೇ ಮಾತು. ಅಪ್ಪ ಇದ್ದಾಗ ನಾವು ಮಕ್ಕಳು ಮೋಡ ಕಂಡರೆ ಕೈ ಕಟ್ಕೊಂಡು ಕೂರ್ತಿದ್ದೆವು. "ಒಂದು ಹನಿ ಬೀಳಲಿ ಮಗಾ, ಆಮೇಲೆ ಹೇಳಿದರಾಯ್ತು. ನಿಮ್ಮ ಭಾವ ಎಲ್ಲಿಗೂ ಓಡಿಹೋಗೋಲ್ಲ" ಅಂದಳು ಅವ್ವ.

ಅವ್ವನ ಮೇಲೆ ಹಾಕ್ತಾ ಇಲ್ಲ. ಅವಳು ಹಿಡಿದಿದ್ದು ಒಂದು ಗಳಿಗೆ. ಬಿಟ್ಟಮೇಲೂ ನಾನು ನಿಂತೇ ಇದ್ದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದೋನು ಇದನ್ನೆಲ್ಲ ನಂಬ್ತೀಯಾ ಅಂತ ಯಾರಾದರೂ ಕೇಳಿದರೆ ನಕ್ಕುಬಿಡ್ತೀನಿ. ಆ ಹೊತ್ತಿನಲ್ಲಿ ನಂಬಿದೆ. ಅಷ್ಟರಲ್ಲಿ ಫೋನ್ ಹೊಡ್ಕೊಳ್ತು. ಎತ್ತಿದರೆ ನಿಮಗೆ ಸುಳ್ಳು ಹೇಳೋಕೆ ನನ್ನಿಂದ ಆಗೋಲ್ಲ. ಎತ್ತದೇ ಇದ್ದರೆ ಸುಳ್ಳು ಹೇಳಿದ ಹಾಗೆ ಆಗೋಲ್ಲ ಅಂದ್ಕೊಂಡೆ. ನಿಂತಿತು. ಮತ್ತೆ ಹೊಡ್ಕೊಳ್ತು. ಅವ್ವ ಅದನ್ನ ಕೇಳಿಸ್ಕೊಳ್ಳದವಳ ಹಾಗೆ ಆಕಾಶ ನೋಡ್ತಿದ್ದಳು.

ಐದು ಗಂಟೆ ಎಂಟು ನಿಮಿಷಕ್ಕೆ ಹನಿ ಬಿತ್ತು. ಅವ್ವ ಹೊರಗೆ ಹೋಗಿ ಸೆರಗು ಒಡ್ಡಿ ನಿಂತಳು. ಅವಳ ಮುಖದಲ್ಲಿ ಅಂಥ ಸಂತೋಷ ಅಪ್ಪ ಹೋದಮೇಲೆ ನಾನು ನೋಡಿರಲಿಲ್ಲ. ಅದೇ ಹೊತ್ತಿಗೆ ಮೋಡದೊಳಗೆ ವಿಮಾನದ ಸದ್ದು ಕೇಳಿಸ್ತು. ನಾನು ಫೋನ್ ಎತ್ತಿ, "ಭಾವ, ಮೋಡ ಈಗ ಎದ್ದಿದೆ" ಅಂದೆ.

ಹೋದ ಭಾನುವಾರ ಸೈಕಲ್ ತಗೊಂಡು ರಾಜಾಜಿನಗರಕ್ಕೆ ಹೋಗಿದ್ದೆ. ಹೊಸದಾಗಿ ಕಟ್ಟಿರೋ ಮನೆಗಳು, ಎಲ್ಲಾ ಒಂದೇ ಥರ, ರಸ್ತೆಗೆ ಇನ್ನೂ ಕಲ್ಲು ಹಾಸಿಲ್ಲ. ಮೂರು ಬಾಗಿಲು ತಟ್ಟಿ ನಾಲ್ಕನೇದರಲ್ಲಿ ಮರಿಯಪ್ಪನವರು ಸಿಕ್ಕಿದರು. ಏರೋಡ್ರೋಮಿನಲ್ಲಿ ಸಣ್ಣ ಕೆಲಸ, ನೋಡಿಕೊಂಡು ಹೋಗೋಣ ಅಂತ ಬಂದೆ ಅಂದೆ. ಕೂರಿಸಿ ಕಾಫಿ ಕೊಟ್ಟರು. ನನಗಿಂತ ಎರಡು ಮೂರು ವರ್ಷ ದೊಡ್ಡೋರು ಇರಬಹುದು. ಅವರ ತಂದೆ ಗಿರಣಿ ಮೇಸ್ತ್ರಿ, ಮಗನನ್ನ ಜಕ್ಕೂರಿಗೆ ಕಳಿಸಿ ವಿಮಾನ ಕಲಿಸೋಕೆ ಊರಿನ ಜಮೀನು ಮಾರಿದರಂತೆ. ಕಾಫಿ ಆರಿಸೋಕೆ ಅವರು ಲೋಟದಿಂದ ಬಟ್ಟಲಿಗೆ ಸುರಿದಾಗ ಅರ್ಧ ಪಂಚೆ ಮೇಲೆ ಬಿತ್ತು. "ಒಂದೇ ಕಣ್ಣಿದ್ದರೆ ದೂರ ತಿಳಿಯೋಲ್ಲ. ರನ್‌ವೇ ಎಷ್ಟು ದೂರ ಅಂತ ಹೇಳ್ತಿದ್ದೋನಿಗೆ ಬಟ್ಟಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ನೋಡಿ" ಅಂದರು. ಬೇಜಾರಿಂದ ಅನ್ನಲಿಲ್ಲ, ಸುಮ್ಮನೆ ಅಂದರು.

ಆಮೇಲೆ ನಿಮ್ಮ ಮಾತು ಬಂತು. "ಆಲಿಕಲ್ಲಿನ ಮೇಲೆ ನನಗೆ ಕೋಪ ಇಲ್ಲ. ವೆಂಕಟಸ್ವಾಮಿಯವರ ಮೇಲಿದೆ. ಅವರ ದನಿ ಕಿವಿಗೆ ಬಿದ್ದರೆ ನಾವು ಕಣ್ಣು ಮುಚ್ಚಿಕೊಂಡು ಬರ್ತಿದ್ದೆವು. ಮರೆತೆ ಅಂದುಬಿಟ್ಟರಲ್ಲ" ಅಂದರು. ಲೋಟ ಕೆಳಗಿಟ್ಟು, ಬರ್ತೀನಿ ಅಂತ ಎದ್ದೆ. ಸೈಕಲ್ ತಳ್ಕೊಂಡೇ ಮಾಗಡಿ ರಸ್ತೆವರೆಗೂ ನಡೆದೆ, ಹತ್ತಬೇಕು ಅಂತಲೂ ತೋಚಲಿಲ್ಲ.

ಮದ್ರಾಸಿನ ಅಧಿಕಾರಿಗಳಿಗೆ ಎಲ್ಲ ಬರೆದು ಕಳಿಸ್ತೀನಿ. ನೀವು ಹೂಂ ಅನ್ನಿ.

ನಿಮಗೆ ದ್ರೋಹ ಮಾಡಿದ
ನಾಗರಾಜು


ನಾಗಪುರ
೧೯-೧೧-೧೯೫೨

ನಾಗರಾಜ,

ನನಗೆ ಗೊತ್ತಿತ್ತು ಕಣೋ.

ಮೋಡ ಈಗ ಎದ್ದಿದೆ ಅಂತ ನೀನು ಹೇಳ್ತಿದ್ದಾಗ, ನಿನ್ನ ಮಾತಿನ ಹಿಂದೆ ತಗಡಿನ ಮೇಲೆ ಆಲಿಕಲ್ಲು ಬೀಳ್ತಿರೋದು ನನಗೆ ಕೇಳಿಸ್ತಿತ್ತು. ಈಗ ಎದ್ದ ಮೋಡ ಈಗಲೇ ಆಲಿಕಲ್ಲು ಹಾಕುತ್ತಾ? ಯಾಕೆ ಎತ್ತಲಿಲ್ಲ ಅನ್ನೋದು ಮಾತ್ರ ಗೊತ್ತಿರಲಿಲ್ಲ. ನಿದ್ದೆ ಮಾಡಿದೀಯ ಅಂದ್ಕೊಂಡಿದ್ದೆ. ಅತ್ತೆಯ ಎಳ್ಳು ಅಂತ ನನಗೆ ಹೊಳೆಯಲೇ ಇಲ್ಲ.

ನಿನ್ನ ಮೇಲೆ ಕೋಪ ಇಲ್ಲ ಅಂದರೆ ಸುಳ್ಳಾಗುತ್ತೆ. ಮೊದಲೆರಡು ತಿಂಗಳು ನಿನ್ನ ಹೆಸರು ಕೇಳಿದರೆ ಅನ್ನ ಸೇರ್ತಿರಲಿಲ್ಲ. ನಿನ್ನನ್ನ ಆ ಕೆಲಸಕ್ಕೆ ಸೇರಿಸಿದೋನು ನಾನು. ನಮ್ಮ ಹುಡುಗ, ಆ ದಿಕ್ಕಿನ ಆಕಾಶ ಓದೋಕೆ ಅವನಂಥೋರು ಸಿಗೋಲ್ಲ ಅಂತ ಸಾಹೇಬರ ಮುಂದೆ ಕೊಚ್ಚಿಕೊಂಡಿದ್ದೆ. ಆದರೆ ಮರೆತೆ ಅಂತ ನಾನು ಹೇಳಿದ್ದು ನಿನ್ನನ್ನ ಉಳಿಸೋಕೆ ಮಾತ್ರ ಅಂದ್ಕೋಬೇಡ. ನಾನು ಅಷ್ಟು ದೊಡ್ಡ ಮನುಷ್ಯ ಅಲ್ಲ.

ಟವರಿನಲ್ಲಿ ಒಂದು ನಿಯಮ ಇದೆ. ಶೆಡ್ಡಿನಿಂದ ಉತ್ತರ ಬರಲಿಲ್ಲ ಅಂದರೆ ಅಲ್ಲಿ ಹವಾ ಕೆಟ್ಟಿದೆ ಅಂತಲೇ ತಿಳಿದು ವಿಮಾನವನ್ನ ಬಳಸಿ ಕಳಿಸಬೇಕು. ಐದು ಗಂಟೆಗೆ ನೀನು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಶಿವಗಂಗೆ ಕಡೆ ತಿರುಗು ಅಂತ ಹೇಳೋಕೆ ನನ್ನ ಹತ್ರ ನಾಲ್ಕು ನಿಮಿಷ ಇತ್ತು. ನಾನು ಏನಂದ್ಕೊಂಡೆ ಗೊತ್ತಾ? ನಾಗರಾಜು ಅಲ್ಲೆಲ್ಲೋ ಎದ್ದುಹೋಗಿದಾನೆ, ಮೋಡ ಇದ್ದಿದ್ದರೆ ಅವನೇ ಮಾಡ್ತಿದ್ದ, ನಮ್ಮ ಬಾಮೈದ ಅಲ್ಲವಾ ಅಂದ್ಕೊಂಡೆ. ಶೆಡ್ಡಿನಲ್ಲಿ ಬೇರೆ ಯಾವನಾದರೂ ಇದ್ದಿದ್ದರೆ ಎರಡನೇ ಯೋಚನೆ ಮಾಡದೆ ವಿಮಾನ ತಿರುಗಿಸ್ತಿದ್ದೆ. ಮರಿಯಪ್ಪನ ಕಣ್ಣು ಉಳೀತಿತ್ತು. ಇದನ್ನ ಮದ್ರಾಸಿನಲ್ಲಿ ಮೂರು ಜನ ಸಾಹೇಬರ ಮುಂದೆ ಹೇಗೆ ಹೇಳ್ಲಿ? ಮರೆತೆ ಅನ್ನೋದು ಸುಲಭ ಆಯ್ತು.

ಬರೀಬೇಡ. ಈಗ ನೀನು ಬರೆದರೆ ನಾನು ಸುಳ್ಳು ಹೇಳಿದೆ ಅಂತಾಗುತ್ತೆ, ನಿನ್ನ ಕೆಲಸವೂ ಹೋಗುತ್ತೆ. ಯಾರ ಕಣ್ಣೂ ವಾಪಸ್ ಬರೋಲ್ಲ. ಅತ್ತೆಗೆ ಇದ್ಯಾವುದೂ ತಿಳಿಯೋದು ಬೇಡ. ನಿಮ್ಮಕ್ಕನಿಗೆ ಕಾಗದ ತೋರಿಸಿದೆ. ಅವಳು ಓದಿ ಮಡಿಸಿ ಟ್ರಂಕಿನಲ್ಲಿಟ್ಟಳು.

ಮರಿಯಪ್ಪ ನನ್ನ ಬಗ್ಗೆ ಅಂದಿದ್ದು ಸರಿಯಾಗೇ ಇದೆ. ಅದನ್ನ ನೀನು ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು.

ವೆಂಕಟಸ್ವಾಮಿ


ಕೆಂಗೇರಿ
೨೪-೪-೧೯೫೩

ಭಾವನವರಿಗೆ ನಮಸ್ಕಾರ.

ಐದು ತಿಂಗಳಿಂದ ಕಾಗದ ಇಲ್ಲ ಅಂತ ನೀವೂ ಕೇಳಲಿಲ್ಲ, ನಾನೂ ಬರೀಲಿಲ್ಲ. ನಿಮ್ಮ ಮಾತು ಮೀರಿದೀನಿ. ಅದನ್ನ ಹೇಳೋಕೆ ಈ ಕಾಗದ.

ಸಂಕ್ರಾಂತಿಗೆ ಪ್ರತಿ ವರ್ಷ ಅಕ್ಕನಿಗೆ ನಮ್ಮ ಹೊಲದ ಎಳ್ಳು ಬರ್ತಿತ್ತು. ಈ ಸಲ ಅವ್ವ ಎಳ್ಳು ಹುರಿದು, ಬೆಲ್ಲ ಕೊಬ್ಬರಿ ಹೆಚ್ಚಿ ಡಬ್ಬಿ ತುಂಬಿಸಿ ಪೋಸ್ಟಿಗೆ ಹಾಕು ಅಂತ ಕೊಟ್ಟಳು. ಆ ಎಳ್ಳನ್ನ ನಿಮ್ಮ ಮನೆಗೆ ಕಳಿಸೋಕೆ ನನ್ನ ಕೈಲಿ ಆಗಲಿಲ್ಲ. ಡಬ್ಬಿ ಹದಿನೈದು ದಿನ ಶೆಡ್ಡಿನಲ್ಲೇ ಇತ್ತು. ಅವ್ವ ಅಲ್ಲಿ ಅದನ್ನ ಕಂಡು ಯಾಕೋ ಅಂದಳು. ಆಗ ಎಲ್ಲ ಹೇಳಿಬಿಟ್ಟೆ.

ಅವಳು ಅಳಲಿಲ್ಲ. ಹಾಗಾದರೆ ಪ್ರಮೋಷನ್ ಅಲ್ಲವಾ ಅದು ಅಂತ ಒಂದೇ ಮಾತು ಕೇಳಿದಳು. ಮಾರನೇ ದಿನ ಸೀರೆ ಬದಲಾಯಿಸ್ಕೊಂಡು ನಿಂತಿದ್ದಳು. ಕಣ್ಣು ಕಳ್ಕೊಂಡ ಆ ಮಗು ಮನೆಗೆ ಕರ್ಕೊಂಡು ಹೋಗು ಅಂದಳು.

ರಾಜಾಜಿನಗರದ ಮನೆಯಲ್ಲಿ ಮಾತಾಡಿದ್ದು ಅವಳೇ. ಫೋನ್ ಎತ್ತದ ಹಾಗೆ ಕೈ ಹಿಡಿದೋಳು ನಾನಪ್ಪ, ನನ್ನ ಅಳಿಯ ಮರೆತಿರಲಿಲ್ಲ, ಎರಡು ಸಲ ಮಾಡಿದ್ದರು ಅಂದಳು. ಎತ್ತದೇ ಇದ್ದೋನು ನಾನು ಅಂತ ನಾನೂ ಹೇಳಿದೆ. ಮರಿಯಪ್ಪನವರು ಕುರ್ಚಿಯನ್ನ ಅವ್ವನ ಕಡೆ ತಿರುಗಿಸ್ಕೊಂಡರು. ಆಮೇಲೆ ಅವ್ವನ್ನ ಕೇಳಿದರು, "ಎಳ್ಳು ಬಂತಾ?"

ಬಂತಪ್ಪ ಅಂದಳು ಅವ್ವ. ಅವರು ತಲೆ ಆಡಿಸಿದರು. ಅವರು ಬೈದಿದ್ದರೆ ತಡ್ಕೊಳ್ತಿದ್ದೆವು.

ಮದ್ರಾಸಿಗೆ ಬರೆದ ಕಾಗದ ಜೇಬಿನಲ್ಲಿತ್ತು, ಅವರಿಗೆ ಕೊಟ್ಟೆ. ಒಂದೇ ಕಣ್ಣಿನಲ್ಲಿ ಹತ್ತಿರ ಹಿಡ್ಕೊಂಡು ಪೂರಾ ಓದಿ, ಪೋಸ್ಟ್ ಡಬ್ಬಿ ಮೂಲೇಲಿದೆ ಅಂತ ವಾಪಸ್ ಕೊಟ್ಟರು. ವೆಂಕಟಸ್ವಾಮಿಯವರಿಗೆ ನಾನೇ ಬರೀತೀನಿ ಅಂದರು. ಬರೆದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮದ್ರಾಸಿನಿಂದ ಮಾರ್ಚಿನಲ್ಲಿ ಉತ್ತರ ಬಂತು. ಎರಡೇ ಸಾಲು. ಸಂಬಂಧಪಟ್ಟ ಅಧಿಕಾರಿ ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಿರುವುದರಿಂದ ಆ ಕಡತ ಮುಚ್ಚಿದೆ, ನನಗೆ ಎಚ್ಚರಿಕೆ ಕೊಡಲಾಗಿದೆ ಅಂತ. ಕೆಲಸದಿಂದ ತೆಗೀತಾರೆ ಅಂದ್ಕೊಂಡಿದ್ದೆ, ತೆಗೀಲಿಲ್ಲ. ಸೆಪ್ಟೆಂಬರಿಗೆ ಮುಂಚೆ ಬರೆದಿದ್ದರೆ ಆ ಕಡತ ತೆರೆದೇ ಇತ್ತು. ಆಗಸ್ಟ್ ಎರಡರಂದು ನಿಮಗೆ ನಕಲು ಕಳಿಸಿದಾಗ ಪೆನ್ನು ನನ್ನ ಕೈಯಲ್ಲೇ ಇತ್ತು ಭಾವ. ಅವ್ವ ಊಟಕ್ಕೆ ಕರೀತಿದ್ದಾಳೆ ಅಂತ ಬರೆದೆ. ಅವಳು ಕರೆದಿರಲಿಲ್ಲ.

ಮೊನ್ನೆ ಬುಧವಾರ ದುರ್ಗದ ಕಡೆ ಈ ವರ್ಷದ ಮೊದಲ ಮೋಡ ಎದ್ದಿತು. ಎಳ್ಳು ಚೆಲ್ಲಿ ಹನ್ನೆರಡು ದಿನ ಆಗಿದೆ. ಅವ್ವ ಶೆಡ್ಡಿನಲ್ಲೇ ಇದ್ದಳು, ಈಗೀಗ ದಿನಾ ಬರ್ತಾಳೆ. ನನಗಿಂತ ಮೊದಲು ಅವಳೇ ಕಂಡಿದ್ದು. ಎದ್ದು ಬಾಗಿಲಿಗೆ ಹೋಗಿ, ಬಲಗೈ ಪೂರಾ ನೀಡಿ ಬೆರಳು ಮಾಡಿ, "ಅಗೋ ಮಳೆ ಬಂತು. ಹೇಳು" ಅಂದಳು. ಆ ಕೈಯನ್ನ ನಾನು ಫೋನ್ ಮಾಡಿ ಮುಗಿಸೋವರೆಗೂ ಇಳಿಸಲಿಲ್ಲ.

ಕಾಲು ಗಂಟೆ ಆದಮೇಲೆ ವಿಮಾನದ ಸದ್ದು ಬಡಗಣದಲ್ಲಿ, ಬಲು ದೂರದಲ್ಲಿ, ನೆಲಮಂಗಲದ ಕಡೆಯಿಂದ ಕೇಳಿಸ್ತು. ಮೋಡ ಬಿಡದಿ ಕಡೆಗೆ ಸರಿದುಹೋಯ್ತು. ನಮ್ಮ ಹೊಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಅವ್ವ ಸ್ವಲ್ಪ ಹೊತ್ತು ನೋಡಿ, ವಿಮಾನ ಹೋಯ್ತಲ್ಲ ಬಿಡು ಅಂತ ರೊಟ್ಟಿ ಬಟ್ಟೆ ಮಡಿಸ್ಕೊಂಡು ಮನೆಗೆ ಹೊರಟಳು.

ನಾನು ಮೋಡ ಅಂದಾಗ ಟವರಿನವರು 'ರೈಟ್' ಅಂತ ಫೋನ್ ಇಟ್ಟಿದ್ದರು. ಇಟ್ಟಮೇಲೂ ನಾನು ಸ್ವಲ್ಪ ಹೊತ್ತು ಕಿವಿಗೆ ಹಿಡ್ಕೊಂಡೇ ಇದ್ದೆ. ಆವತ್ತು ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸಾರು ಊಟ ಮಾಡಿದ್ದೆ ಭಾವ.

ನಾಗರಾಜು